ನಲವತ್ತೇಳನೇ ಬ್ಯಾಚು

ಭಾನುವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ ಮೂರು ಗಂಟೆ

ನನ್ನ ಕಂದಾ,

ಆಶೀರ್ವಾದ. ಪ್ರತಿ ಸಲ ‘ನಾನು ಇಲ್ಲಿ ಕ್ಷೇಮ’ ಎಂದು ಶುರು ಮಾಡುತ್ತಿದ್ದೆ. ಈ ಸಲ ಆ ಸಾಲು ಬರೆಯಲು ಕೈ ಬರುತ್ತಿಲ್ಲ, ಬಿಟ್ಟಿದ್ದೇನೆ.

ಮೊದಲು ಒಂದು ಕೆಲಸ ಮಾಡು. ಬುಧವಾರ ನನ್ನ ಮೊಮ್ಮಗಳು ಗುಬ್ಬಿಗೆ ಡ್ರಿಪ್ ಹಾಕಿಸಲು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೀಯಲ್ಲ, ನಮ್ಮ ಕಾರ್ಖಾನೆಯ ನಲವತ್ತೇಳನೇ ಬ್ಯಾಚಿನ ಬಾಟಲಿ ಹಾಕಲು ಬಿಡಬೇಡ. ವಾರ್ಡಿನ ಸಿಸ್ಟರಿಗೆ ಹೇಳಿ ಆರು ಬಾಟಲಿ ಎತ್ತಿಡಿಸಿದ್ದೀಯಲ್ಲ, ಅವೇ. ಅದರಲ್ಲಿ ಒಂದೂ ಬೇಡ. ಈ ಪತ್ರ ತರುವ ತಣ್ಣನೆಯ ವ್ಯಾನಿನಲ್ಲೇ ಐವತ್ತೊಂದನೇ ಬ್ಯಾಚು ಬರುತ್ತದೆ. ಅದರಲ್ಲಿ ಮೂರು ಕೇಳಿ ಹಾಕಿಸು. ಡ್ರೈವರಣ್ಣ ಪತ್ರವನ್ನು ಬೇರೆ ಯಾರಿಗೂ ಕೊಡದೆ ನಿನ್ನ ಕೈಯಲ್ಲೇ ಇಡುತ್ತೇನೆಂದು ಮಾತು ಕೊಟ್ಟಿದ್ದಾನೆ.

ಯಾಕೆ ಎಂದು ಹೇಳುತ್ತೇನೆ. ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಆರಿಸಿ ಬಂದು ಕುಳಿತು ಓದು. ನಿಂತು ಓದುವ ಪತ್ರ ಇದಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ಮೂರು ಸಲ ಮಾಡಿದೆ. ಮೂರು ಸಲವೂ ನೀನು ‘ಹಲೋ’ ಅಂದ ಕೂಡಲೇ ಬಾಯಿಗೆ ಬೀಗ ಬಿತ್ತು. ಕೆಮ್ಮು ಹೇಗಿದೆ, ಊಟ ಆಯಿತಾ, ಅಳಿಯಂದಿರು ಬಂದರಾ ಎಂದು ಅದನ್ನೇ ತಿರುಗಿಸಿ ತಿರುಗಿಸಿ ಕೇಳಿ ಇಟ್ಟೆ. ಮೂರನೇ ಸಲ ನೀನೇ ರೇಗಿದೆ. ‘ಏನಮ್ಮಾ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತೀಯ, ಏನಿದ್ರೂ ಹೇಳು’ ಅಂದೆ. ಏನೂ ಇಲ್ಲ ಕಣೇ ಅಂದೆ ನಾನು.

ಗುರುವಾರ ನಿನ್ನ ಪತ್ರ ಬಂತು. ಕ್ಯಾಂಟೀನಿನಲ್ಲಿ ಊಟದ ಡಬ್ಬಿಯ ಮುಚ್ಚಳ ತೆಗೆದವಳು ಹಾಗೇ ಮುಚ್ಚಿ ಓದಲು ಕುಳಿತೆ. ಗುಬ್ಬಿಗೆ ಜ್ವರ ಪೂರ್ತಿ ಬಿಟ್ಟಿದೆ, ಕೆಮ್ಮು ಬೆಳಗಿನ ಹೊತ್ತು ಮಾತ್ರ ಎಂದು ಬರೆದಿದ್ದೆ. ಅಷ್ಟು ಓದಿ ಉಸಿರು ಬಿಟ್ಟೆ. ಬಲಗಿವಿ ಇನ್ನು ಕೇಳಿಸುವುದು ಕಷ್ಟ ಎಂದು ಡಾಕ್ಟರು ಹೇಳಿದರಂತೆ, ಕರೆದರೆ ಎಡಗಡೆಗೇ ತಿರುಗುತ್ತಾಳಂತೆ. ಐದು ವರ್ಷದ ಮಗು. ಅಲ್ಲಿಗೆ ಅಕ್ಷರ ಕಲಸಿಹೋದವು. ಕನ್ನಡಕ ಒರೆಸಿಕೊಂಡು ಮುಂದೆ ಓದಿದೆ. ‘ಅಮ್ಮಾ, ಇಷ್ಟೆಲ್ಲದರ ಮಧ್ಯೆ ಒಂದೇ ಒಂದು ಒಳ್ಳೇದಾಗಿದೆ. ನಿನ್ನ ನಲವತ್ತೇಳು ಹಾಕ್ದಾಗ ಗುಬ್ಬಿ ಒಂಚೂರೂ ನಡುಗಿಲ್ಲ. ಸಿಸ್ಟರ್ ಹತ್ರ ಗೋಗರೆದು ಎರಡು ಸರದಿಗಾಗೋಷ್ಟು ಎತ್ತಿಡಿಸಿದೀನಿ’ ಎಂದು ಬರೆದಿದ್ದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಇಷ್ಟೆಲ್ಲಾ ಆದದ್ದು ನನ್ನಿಂದಲೇ, ಶಾಲೆಗೆ ಕಳಿಸಬಾರದಿತ್ತು ಎಂದು ಬರೆದು ಹೊಡೆದುಹಾಕಿದ್ದೆ. ಹೊಡೆದುಹಾಕಿದ್ದು ಓದಲು ಬರುತ್ತದೆ ಮಗಳೇ.

ನಿನ್ನಿಂದ ಆಗಲಿಲ್ಲ. ನನ್ನಿಂದ ಆಯಿತು.

ನನ್ನ ಕೆಲಸ ನಿನಗೆ ಗೊತ್ತು, ಆದರೂ ಒಮ್ಮೆ ಬಿಡಿಸಿ ಹೇಳುತ್ತೇನೆ. ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮನ ಕೆಲಸದ ಬಗ್ಗೆ ಬರೆಯಿರಿ ಎಂದಿದ್ದರು. ‘ನನ್ನ ಅಮ್ಮ ಜನರ ರಕ್ತಕ್ಕೆ ಹಂದಿ ಹೊಟ್ಟೆಯ ರಸ ಹಾಕುತ್ತಾಳೆ’ ಎಂದು ಬರೆದು ಬಂದಿದ್ದೆ. ಟೀಚರು ನನ್ನನ್ನು ಕರೆಸಿ, ಮನೆಯಲ್ಲಿ ಎಲ್ಲಾ ಸರಿಯಿದೆಯೇ ಎಂದು ಮೆಲ್ಲಗೆ ವಿಚಾರಿಸಿದ್ದರು. ನಿಮ್ಮಪ್ಪ ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕರು. ಆದರೆ ನೀನು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಸಾವಿರಾರು ಜನ ಕೊಟ್ಟ ರಕ್ತದ ತಿಳಿಯಿಂದ ನಾವು ಪ್ರತಿಕಾಯಗಳನ್ನು ಬೇರೆ ಮಾಡುತ್ತೇವೆ. ರೋಗದ ಕ್ರಿಮಿಯನ್ನು ಹಿಡಿದು ಹಾಕುವ ಕಾವಲುಗಾರರು ಅವು. ನಮ್ಮ ಗುಬ್ಬಿಯ ಮೈ ಅವನ್ನು ತಾನಾಗಿ ಮಾಡಿಕೊಳ್ಳುವುದಿಲ್ಲ, ಅದಕ್ಕೇ ನಾಲ್ಕು ವಾರಕ್ಕೊಮ್ಮೆ ಬೇರೆಯವರದ್ದು ಹಾಕಿಸಬೇಕು. ಬೇರೆ ಮಾಡುವಾಗ ಪ್ರತಿಕಾಯಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ತೊಡೆಗೆ ಚುಚ್ಚಿದರೆ ಆ ಗಂಟು ಅಷ್ಟು ತೊಂದರೆ ಕೊಡುವುದಿಲ್ಲ. ನೇರ ರಕ್ತನಾಳಕ್ಕೆ ಬಿಟ್ಟರೆ ಮೈ ಬೆಚ್ಚಿಬೀಳುತ್ತದೆ. ಚಳಿ, ಹಲ್ಲು ಕಟಕಟ, ಜ್ವರ, ಕೆಲವರಿಗೆ ರಕ್ತದೊತ್ತಡವೇ ಕುಸಿದುಹೋಗುತ್ತದೆ. ಆ ಗಂಟು ಬಿಡಿಸುವುದು ನನ್ನ ಮೂವತ್ತೊಂದು ವರ್ಷದ ಕೆಲಸ. ದ್ರಾವಣವನ್ನು ಸ್ವಲ್ಪ ಹುಳಿ ಮಾಡಬೇಕು, ಮೈಯಷ್ಟೇ ಬೆಚ್ಚಗಿಡಬೇಕು, ಅದಕ್ಕೆ ಸಾಸಿವೆ ಕಾಳಿನಷ್ಟು ಕಿಣ್ವ, ಅದೇ ನಿನ್ನ ಹಂದಿ ಹೊಟ್ಟೆಯ ರಸ, ಹಾಕಬೇಕು, ಇಪ್ಪತ್ತು ಗಂಟೆ ಬಿಡಬೇಕು. ಆಮೇಲೆ ಹುಳಿ ಮುರಿದರೆ ಕಿಣ್ವ ಸುಮ್ಮನಾಗುತ್ತದೆ.

ಕಿಣ್ವವೆಂದರೆ ಕತ್ತರಿ ಇದ್ದ ಹಾಗೆ. ಉಲ್ಲನ್ ನೂಲು ಸಿಕ್ಕಾದಾಗ ಕತ್ತರಿಯ ತುದಿಯಲ್ಲಿ ಮೆಲ್ಲಗೆ ಎಬ್ಬಿಸಿದರೆ ಗಂಟು ಬಿಡುತ್ತದೆ. ಕಚಕಚ ಎಂದು ಆಡಿಸಿದರೆ ಗಂಟೂ ಇರುವುದಿಲ್ಲ, ನೂಲೂ ಇರುವುದಿಲ್ಲ.

ನಲವತ್ತೇಳರಲ್ಲಿ ಹಾಗೇ ಆಯಿತು. ಆ ದಿನ ನನಗೆ ಮೈ ಸರಿಯಿರಲಿಲ್ಲ. ಕಾಲು ಬಾತುಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ. ಬೆಳಗ್ಗೆ ಒಂದು ಪಾಲು ಕಿಣ್ವ ತೂಗಿ ಹಾಕಿದೆ. ಊಟ ಮುಗಿಸಿ ಬಂದವಳು, ಹಾಕಿದ್ದು ಮರೆತು ಇನ್ನೊಂದು ಪಾಲು ಹಾಕಿಬಿಟ್ಟೆ. ಅಷ್ಟೇ ನಡೆದದ್ದು. ವಯಸ್ಸಾಯಿತು, ಕಣ್ಣು ಮಂದ, ಬುದ್ಧಿ ಅದಕ್ಕಿಂತ ಮಂದ. ಇದರ ಮೇಲೆ ಹೇಳುವುದೇನೂ ಇಲ್ಲ.

ಪ್ರತಿಕಾಯಕ್ಕೆ ಎರಡು ಕೈ, ಒಂದು ಕಾಲು ಎಂದುಕೋ. ಕೈಯಲ್ಲಿ ಕ್ರಿಮಿಯನ್ನು ಹಿಡಿಯುತ್ತದೆ, ಕಾಲಿನಿಂದ ರಕ್ತದಲ್ಲಿ ನಿಲ್ಲುತ್ತದೆ. ಕಿಣ್ವ ಹೆಚ್ಚಾದರೆ ಮೊದಲು ಹೋಗುವುದೇ ಕಾಲು. ಸರಿಯಿದ್ದದ್ದು ಮೈಯಲ್ಲಿ ಮೂರು ನಾಲ್ಕು ವಾರ ಕಾವಲಿರುತ್ತದೆ, ಕಾಲು ಹೋದದ್ದು ನಾಲ್ಕೈದು ದಿನದಲ್ಲಿ ಹೊರಟೇಹೋಗುತ್ತದೆ. ಆದರೆ ನೋಡು, ಗಂಟಿಲ್ಲದ್ದಕ್ಕೆ ಮೈ ಬೆಚ್ಚುವುದಿಲ್ಲ, ನಡುಕವೂ ಬರುವುದಿಲ್ಲ. ನೀನು ಖುಷಿಪಟ್ಟೆಯಲ್ಲ, ಮಗು ಡ್ರಿಪ್ ಹಾಕಿಸಿಕೊಂಡೇ ಚಿತ್ರ ಬರೆಯುತ್ತಾ ಕೂತಿತ್ತು ಎಂದು, ಅದು ಇದಕ್ಕೇ.

ಪರೀಕ್ಷೆಯಲ್ಲಿ ಸಿಕ್ಕಿಬೀಳಬೇಕಿತ್ತಲ್ಲ ಎಂದು ಕೇಳುತ್ತೀಯ. ಸಿಕ್ಕಿಬೀಳಲಿಲ್ಲ. ನಡುಕ ತರುವ ಗುಣ ಎಷ್ಟಿದೆ ಎಂದು ನೋಡುವ ಪರೀಕ್ಷೆಯಲ್ಲಿ ನಮ್ಮಲ್ಲಿ ಇಲ್ಲಿಯವರೆಗೆ ಯಾವ ಬ್ಯಾಚಿಗೂ ಅಷ್ಟು ಒಳ್ಳೆಯ ಅಂಕ ಬಂದಿರಲಿಲ್ಲ. ಕ್ರಿಮಿಯನ್ನು ಹಿಡಿಯುತ್ತದೆಯೇ ಎಂಬ ಪರೀಕ್ಷೆಯಲ್ಲೂ ಪಾಸಾಯಿತು, ಕೈಗಳು ಇದ್ದವಲ್ಲ. ಕಾಲಿದೆಯೋ ಇಲ್ಲವೋ ಎಂದು ತೋರಿಸುವ ಪರೀಕ್ಷೆಯನ್ನು ನಮ್ಮಲ್ಲಿ ಹತ್ತು ಬ್ಯಾಚಿಗೊಮ್ಮೆ ಮಾಡುತ್ತಾರೆ. ನಲವತ್ತಕ್ಕೆ ಮಾಡಿದ್ದರು, ಆಮೇಲೆ ಮಾಡಿದ್ದು ಐವತ್ತಕ್ಕೆ. ನಲವತ್ತೇಳು ಮಧ್ಯದಲ್ಲಿ ನುಸುಳಿಕೊಂಡು ಹೋಯಿತು. ನಮ್ಮ ಚಿಕ್ಕ ಕೆಮಿಸ್ಟ್, ನನ್ನ ಜೊತೆ ಕೂರುವವಳು, ‘ಅಕ್ಕಾ, ನಿಮ್ಮ ಕೈಗುಣವೇ ಕೈಗುಣ’ ಎಂದು ಕಾಫಿ ಕೊಡಿಸಿದಳು. ನಾನೂ ಕುಡಿದೆ. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ. ಇದು ವಿಷವೂ ಆಗಲಿಲ್ಲ ನೋಡು, ಬರೀ ನೀರಾಯಿತು.

ಡ್ರಿಪ್ ಹಾಕಿಸಿದ ಎರಡನೇ ವಾರ ನೀನು ಗುಬ್ಬಿಯನ್ನು ಶಾಲೆಗೆ ಸೇರಿಸಿದೆ. ಸೇರಿಸುವ ಮೊದಲು ಡಾಕ್ಟರನ್ನು ಕೇಳಿದ್ದೆ, ಟೀಚರಿಗೆ ಹೇಳಿ ಕಿಟಕಿ ಪಕ್ಕದ ಬೆಂಚು ಕೊಡಿಸಿದ್ದೆ, ನೀರಿನ ಬಾಟಲಿಯನ್ನು ಕುದಿಸಿ ತೊಳೆದಿದ್ದೆ. ಬುದ್ಧಿವಂತ ತಾಯಿ ಏನೇನು ಮಾಡಬೇಕೋ ಎಲ್ಲಾ ಮಾಡಿದ್ದೆ. ಆರು ದಿನ ಹೋದಳು. ಪಕ್ಕದ ಮಗುವಿಗೆ ಸಣ್ಣ ಶೀತ ಇತ್ತಂತೆ. ಮೈಯಲ್ಲಿ ಕಾವಲಿದ್ದಿದ್ದರೆ ಗುಬ್ಬಿಗೆ ಎರಡು ದಿನ ಮೂಗು ಸುರಿದು ಮುಗಿಯುತ್ತಿತ್ತು. ಕಾವಲಿರಲಿಲ್ಲ. ಶೀತ ಎದೆಗಿಳಿಯಿತು, ಕಿವಿಗೇರಿತು, ಹತ್ತೊಂಬತ್ತು ದಿನ ಆಸ್ಪತ್ರೆ. ಅಲ್ಲಿ ಇನ್ನೂ ಮೂರು ಬಾಟಲಿ ಕೊಟ್ಟರಂತಲ್ಲ, ಅವೂ ನಲವತ್ತೇಳೇ. ಈ ಮಗುವಿಗೆ ಒಗ್ಗಿದ ಬ್ಯಾಚು ಎಂದು ಸಿಸ್ಟರು ಹುಡುಕಿ ತಂದು ಹಾಕಿದರಂತೆ. ಎಲ್ಲರೂ ಒಳ್ಳೆಯದನ್ನೇ ಮಾಡಿದರು ಪಾಪ.

ನನಗೆ ಯಾವಾಗ ಗೊತ್ತಾಯಿತು ಎನ್ನುವುದು ಬರೆಯಲು ಕಷ್ಟದ ಭಾಗ. ಬಿಟ್ಟುಬಿಡೋಣ ಎಂದು ಎದ್ದು ಹೋಗಿ ಪಾತ್ರೆ ತೊಳೆದು ಬಂದೆ. ತೊಳೆದದ್ದನ್ನೇ ಮತ್ತೊಮ್ಮೆ ತೊಳೆದೆ. ಈಗ ಬರೆಯುತ್ತೇನೆ.

ಗುಬ್ಬಿಯನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂದ ದಿನವೇ ಎದೆಯಲ್ಲಿ ಏನೋ ಕುಟುಕಿತು. ಒಂದು ವಾರ ಆ ಕುಟುಕನ್ನು ಒತ್ತಿಟ್ಟುಕೊಂಡೆ. ಆಮೇಲೆ ತಡೆಯಲಾರದೆ, ಪ್ರತಿ ಬ್ಯಾಚಿನಿಂದ ನಾವು ಎತ್ತಿಟ್ಟುಕೊಳ್ಳುವ ಮಾದರಿ ಬಾಟಲಿ ಇರುತ್ತದಲ್ಲ, ನಲವತ್ತೇಳರದ್ದನ್ನು ತೆಗೆದು ಚಿಕ್ಕ ಕೆಮಿಸ್ಟಿಗೆ ಕೊಟ್ಟೆ. ಗಾಜಿನ ತಟ್ಟೆಯ ಮೇಲೆ ತೆಳ್ಳನೆಯ ಲೋಳೆಯ ಪದರ ಹಾಸಿ, ಅದರಲ್ಲಿ ಇದನ್ನಿಟ್ಟು ಕರೆಂಟು ಬಿಟ್ಟರೆ ದೊಡ್ಡ ತುಂಡುಗಳು ಹಿಂದೆ ನಿಲ್ಲುತ್ತವೆ, ಚಿಕ್ಕವು ಮುಂದೆ ಓಡುತ್ತವೆ. ಯಾಕಕ್ಕಾ ಈ ಬ್ಯಾಚು ಎಂದು ಅವಳು ಸುಮ್ಮನೆ ಕೇಳಿದಳು. ನಾನು ಅವಳು ಕೇಳದ್ದಕ್ಕೆಲ್ಲಾ ಉತ್ತರ ಕೊಟ್ಟೆ, ಹೊಸ ಅಲಮಾರಿ, ಹಳೆ ಚೀಟಿ, ಏನೇನೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಸಂಜೆ ನಾಲ್ಕಕ್ಕೆ ಕರೆದಳು. ನೀಲಿ ಗೆರೆಗಳು ಮೂಡಿದ್ದವು. ಪಕ್ಕದಲ್ಲಿದ್ದ ನಲವತ್ತಾರರ ಗೆರೆ ಎಲ್ಲಿರಬೇಕೋ ಅಲ್ಲಿತ್ತು. ನಲವತ್ತೇಳರದ್ದು ಎರಡು ಬೆರಳು ಮುಂದೆ ಓಡಿತ್ತು. ಅವಳು ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ‘ಅಕ್ಕಾ, ಇದನ್ನ ಯಾರಿಗಾದ್ರೂ ಕೊಟ್ಟಿದಾರಾ?’ ಅಂದಳು. ಅವಳಿಗೆ ಗುಬ್ಬಿ ಗೊತ್ತು, ಗುಬ್ಬಿಯ ಫೋಟೋ ನನ್ನ ಮೇಜಿನ ಗಾಜಿನಡಿಯಲ್ಲೇ ಇದೆ. ಪೂರ್ತಿ ನಿಶ್ಚಯವಾಗುವ ತನಕ ಯಾರಿಗೂ ಹೇಳಬೇಡ, ನಾನೇ ದೊಡ್ಡ ಮೇಡಂಗೆ ಹೇಳುತ್ತೇನೆ ಎಂದು ಅವಳಿಂದ ಮಾತು ತೆಗೆದುಕೊಂಡೆ. ನಾಳೆ ಹೇಳುತ್ತೇನೆ ಎಂದೆ.

ಅದಾಗಿ ಮೂರು ವಾರ.

ಮೂರು ವಾರ ಪ್ರತಿ ದಿನ ನಾಳೆ ಎಂದೆ. ಪಿಂಚಣಿಗೆ ಎರಡು ವರ್ಷ ಇದೆ ಎಂದುಕೊಂಡೆ. ಮೂವತ್ತೊಂದು ವರ್ಷದ ಹೆಸರು ಎಂದುಕೊಂಡೆ. ಗುಬ್ಬಿ ಹೇಗೂ ಹುಷಾರಾಗುತ್ತಿದ್ದಾಳೆ, ಈಗ ಹೇಳಿ ಯಾರಿಗೆ ಲಾಭ ಎಂದುಕೊಂಡೆ. ನೂರಾ ಎಂಬತ್ತು ಬಾಟಲಿ ಹೋಗಿದೆ ಕಂದಾ, ಬೇರೆ ಬೇರೆ ಊರಿಗೆ. ಅಲ್ಲೂ ಯಾರದೋ ಮಕ್ಕಳು. ಈ ಮೂರು ವಾರದಲ್ಲಿ ಎಷ್ಟು ಮಕ್ಕಳಿಗೆ ಅದು ಹೋಯಿತೋ, ಎಷ್ಟು ತಾಯಂದಿರು ಇವತ್ತು ನಡುಗಲಿಲ್ಲ ಎಂದು ಖುಷಿಪಟ್ಟರೋ, ನನಗೆ ಗೊತ್ತಿಲ್ಲ. ಬೆಳಗ್ಗೆ ಎದ್ದು ಬಿಳಿ ಕೋಟು ಹಾಕಿಕೊಳ್ಳುವುದೇ ಭಾರ. ಸುಸ್ತು ಅಂದರೆ ಅಂಥಿಂಥ ಸುಸ್ತಲ್ಲ, ಕುಳಿತಲ್ಲೇ ಮಣ್ಣಾಗಿಬಿಡೋಣ ಅನ್ನಿಸುವಂಥದ್ದು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದನ್ನೂ ಹೇಳಿಬಿಡುತ್ತೇನೆ.

ಗುಬ್ಬಿ ಆಸ್ಪತ್ರೆಯಿಂದ ಬಂದ ಮಾರನೆಯ ದಿನ ನಾನು ಫೋನು ಮಾಡಿದಾಗ ನಿಮ್ಮತ್ತೆ ಎತ್ತಿದ್ದರು. ನಿನ್ನ ಮೇಲೆ ಹೇಳಿಕೊಂಡರು. ‘ನೀವೇ ಹೇಳಿ ಬೀಗರೇ, ಇಂಥಾ ಮಗೂನ ಯಾರಾದ್ರೂ ಶಾಲೆಗೆ ಕಳಿಸ್ತಾರಾ? ಹೇಳಿದ್ರೆ ಕೇಳಬೇಕಲ್ಲ, ಎಲ್ಲಾ ತನಗೇ ಗೊತ್ತು ಅನ್ನೋ ಗತ್ತು’ ಅಂದರು. ತಟ್ಟೆಯ ನೀಲಿ ಗೆರೆ ನೋಡಿ ಹದಿಮೂರು ದಿನವಾಗಿತ್ತು ನನಗೆ. ಬಾಯಿ ಮುಚ್ಚಿಕೊಂಡಾದರೂ ಇರಬಹುದಿತ್ತು. ನಾನು ಹೌದು, ಅವಳು ಸ್ವಲ್ಪ ತಾಳಬೇಕಿತ್ತು ಅಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಅವರು ಅದನ್ನು ನಿನಗೆ ಹೇಳದೆ ಬಿಟ್ಟಿರುವುದಿಲ್ಲ. ನಿಮ್ಮಮ್ಮನೇ ಹೇಳಿದರು ಎಂದು ಹೇಳಿರುತ್ತಾರೆ. ನೀನು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ನೀನು ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೀಯಂತೆ. ಬಾಗಿಲಲ್ಲೇ ಸೋಪು ಇಟ್ಟಿದ್ದೀಯಂತೆ, ಅಳಿಯಂದಿರು ಕೂಡ ಕೈ ಮೊಣಕೈವರೆಗೆ ತೊಳೆಯದೆ ಒಳಗೆ ಬರುವಂತಿಲ್ಲವಂತೆ. ಎದುರು ಮನೆಯ ಮಕ್ಕಳು ಬಂದರೆ ಗದರಿಸಿ ಕಳಿಸುತ್ತೀಯಂತೆ. ಗುಬ್ಬಿಯೇ ನನಗೆ ಫೋನಿನಲ್ಲಿ ವರದಿ ಕೊಟ್ಟಳು. ‘ಅಜ್ಜೀ, ನಾನು ಜೈಲಲ್ಲಿದೀನಿ. ಊಟ ಮಾತ್ರ ಚೆನ್ನಾಗಿದೆ’ ಅಂದಳು. ನಕ್ಕೆ, ಫೋನಿಟ್ಟ ಮೇಲೆ ಅತ್ತೆ. ನಿನ್ನದೇ ತಪ್ಪು ಎಂದುಕೊಂಡು ಮಗುವನ್ನು ಹೀಗೆ ಕಾಯುತ್ತಿದ್ದೀಯ. ನೀನು ತಪ್ಪೇ ಮಾಡಿಲ್ಲ ತಾಯಿ. ಆ ಹಾಳೆ ಕಿತ್ತುಹಾಕು.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದ್ದು ನಾನು, ಉಣ್ಣುತ್ತಿರುವುದು ನೀವಿಬ್ಬರೂ. ಅದು ಇನ್ನು ಸಾಕು.

ನಾಳೆ ಸೋಮವಾರ. ಬೆಳಗ್ಗೆ ಹತ್ತಕ್ಕೆ ದೊಡ್ಡ ಮೇಡಂ ಬರುತ್ತಾರೆ. ಔಷಧ ಹೊರಗೆ ಹೋಗಬಹುದು, ಹೋಗಬಾರದು ಎಂದು ಕೊನೆಯ ಸಹಿ ಹಾಕುವವರು ಅವರೇ. ಅವರ ಮುಂದೆ ನಿಂತು ಹೇಳುತ್ತೇನೆ. ಈ ‘ನಾಳೆ’ಯನ್ನು ನಂಬುವುದು ಹೇಗೆ ಎಂದು ನೀನು ಕೇಳಬಹುದು, ನನಗೇ ನಂಬಿಕೆಯಿಲ್ಲ. ಅದಕ್ಕೇ ಮೊದಲು ನಿನಗೆ ಬರೆದು ಮುಗಿಸುತ್ತಿದ್ದೇನೆ. ಕಾಗದದ ಮೇಲೆ ನನ್ನ ಅಕ್ಷರದಲ್ಲಿ ಇದು ಇದ್ದ ಮೇಲೆ ಹಿಂದೆ ಸರಿಯಲು ದಾರಿ ಇರುವುದಿಲ್ಲ.

ಬುಧವಾರ ಹೊಸ ಬ್ಯಾಚು ಹಾಕಿದಾಗ ಗುಬ್ಬಿ ಸ್ವಲ್ಪ ನಡುಗುತ್ತಾಳೆ. ಹೆದರಬೇಡ. ಮೊದಲ ಅರ್ಧ ಗಂಟೆ ಹನಿಯನ್ನು ತೀರಾ ನಿಧಾನ ಬಿಡಲು ಹೇಳು, ಎರಡು ಹೊದಿಕೆ ತೆಗೆದುಕೊಂಡು ಹೋಗು, ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು ಒಂದು ಗಂಟೆ ಹೊರಗಿಡಲು ಹೇಳು. ಹಲ್ಲು ಕಟಕಟ ಅಂದರೆ ತಬ್ಬಿಕೊಂಡು ಕೂತುಕೋ, ಕಾಲು ಗಂಟೆಯಲ್ಲಿ ಹೋಗುತ್ತದೆ. ಜ್ವರ ಬಂದರೆ ಸಂಜೆಗೆ ಇಳಿಯುತ್ತದೆ. ಎರಡು ಸರದಿ ಸರಿಯಾಗಿ ಬಿದ್ದ ಮೇಲೆ, ಡಾಕ್ಟರನ್ನು ಕೇಳಿ, ಮತ್ತೆ ಶಾಲೆಗೆ ಕಳಿಸು. ಎಡಗಿವಿ ಟೀಚರ ಕಡೆ ಬರುವ ಹಾಗೆ ಬೆಂಚು ಕೇಳು.

ನಿಮ್ಮತ್ತೆಗೆ ಈ ಪತ್ರವನ್ನು ಪೂರ್ತಿ ಓದಿ ಹೇಳು. ನನ್ನನ್ನು ಏನಾದರೂ ಅಂದುಕೊಳ್ಳಲಿ. ಅಳಿಯಂದಿರಿಗೂ ತೋರಿಸು. ಆಮೇಲೆ ನೀನು ನನ್ನ ಹತ್ತಿರ ಮಾತು ಬಿಟ್ಟರೆ ಬಿಡು, ನಾನು ಕೇಳುವುದಿಲ್ಲ. ಫೋನು ಎತ್ತದಿದ್ದರೂ ಸರಿ. ಗುಬ್ಬಿಯನ್ನು ಮಾತ್ರ ವಾರಕ್ಕೊಮ್ಮೆ ಮಾತಾಡಲು ಬಿಡು, ಅದೊಂದನ್ನು ಕೇಳಿಕೊಳ್ಳುತ್ತೇನೆ.

ಬೆಳಕಿದ್ದಾಗಲೇ ಮುಗಿಸುತ್ತೇನೆ. ಕೈ ನೋಯುತ್ತಿದೆ, ಕಾಲು ಎಂದಿನ ಹಾಗೆ ಬಾತಿದೆ. ಹೋಗಿ ಸ್ವಲ್ಪ ಒರಗುತ್ತೇನೆ.

ಎಷ್ಟು ಬೈದರೂ ಬೈಸಿಕೊಳ್ಳಲು ಸಿದ್ಧವಾಗಿರುವ,
ನಿನ್ನ ಅಮ್ಮ

ಮರೆತ ಮಾತು. ಸೋಮವಾರ ಸಂಜೆ ಬರೆಯುತ್ತಿದ್ದೇನೆ.

ಮರೆತದ್ದಲ್ಲ, ಮುಚ್ಚಿಟ್ಟದ್ದು. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹರಿದು ಬೇರೆ ಬರೆಯೋಣವೆಂದರೆ ಶಕ್ತಿಯಿಲ್ಲ, ಹಾಗಾಗಿ ಇಲ್ಲೇ ತಿದ್ದುತ್ತೇನೆ.

ಬೆಳಗ್ಗೆ ಹತ್ತಕ್ಕೆ ಹೋಗಿ ಹೇಳಿದೆ. ಮರೆತು ಎರಡು ಸಲ ಹಾಕಿದೆ ಎಂದು, ನಿನಗೆ ಬರೆದ ಹಾಗೆಯೇ ಹೇಳಿದೆ. ದೊಡ್ಡ ಮೇಡಂ ಗಾಜಿನ ತಟ್ಟೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ‘ಎರಡು ಪಾಲಿಗೆ ಇಷ್ಟೊಂದು ಕತ್ತರಿಸಲ್ಲಮ್ಮ’ ಅಂದರು. ಆಮೇಲೆ ತೂಕದ ಪುಸ್ತಕ ತರಿಸಿದರು. ನಮ್ಮಲ್ಲಿ ಒಬ್ಬರು ತೂಗಿದರೆ ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಿ ಎರಡನೇ ಸಹಿ ಹಾಕಬೇಕು. ನಲವತ್ತೇಳರ ಮುಂದೆ ಚಿಕ್ಕ ಕೆಮಿಸ್ಟಿನ ಸಹಿ ಇತ್ತು. ಅವಳನ್ನು ಕರೆಸಿದರು. ನನ್ನ ಮುಖ ನೋಡದೆ, ‘ಅಕ್ಕ ತೂಗಿದ್ರೆ ನೋಡೋದೇನಿದೆ ಅಂತ ಹಾಕ್ಬಿಟ್ಟೆ ಮೇಡಂ, ನಾನು ನೋಡಬೇಕಿತ್ತು, ತಪ್ಪು ನಂದೂ ಇದೆ’ ಅಂದಳು. ಅವಳಿಗೆ ಎರಡು ಚಿಕ್ಕ ಮಕ್ಕಳು. ಕಣ್ತಪ್ಪು ಎಂದು ನಾನು ಸಾಧಿಸಿದರೆ ಅರ್ಧ ತಪ್ಪು ಅವಳ ತಲೆಗೆ ಬರುತ್ತಿತ್ತು. ಮಗಳ ಬೆನ್ನಿಗೆ ಹೊರಿಸಿದ್ದಾಯಿತು, ಈಗ ಇವಳಿಗೂ ಹೊರಿಸುವುದೇ ಅನ್ನಿಸಿತು.

ಅಲ್ಲೇ ನಿಜ ಹೇಳಿದೆ. ಆ ದಿನ ತೂಗುವ ಮೊದಲೇ ಅವಳಿಂದ ಸಹಿ ಹಾಕಿಸಿಕೊಂಡು, ಐಸ್ ತರಲು ಬೇಕೆಂದೇ ಹೊರಗೆ ಕಳಿಸಿದ್ದೆ. ಹಾಕಿದ್ದು ಎರಡು ಪಾಲಲ್ಲ, ಐದು. ಮರೆತು ಹಾಕಲಿಲ್ಲ. ಒಂದೊಂದನ್ನೂ ತೂಗಿ, ಎಣಿಸಿ, ಗೊತ್ತಿದ್ದೇ ಹಾಕಿದೆ. ಬಾಟಲಿ ನಿಮ್ಮ ಆಸ್ಪತ್ರೆಗೆ ಬಂದ ದಿನ ನಲವತ್ತೇಳು ಬಂದಿದೆಯೇ ನೋಡು, ಅದನ್ನೇ ಹಾಕಿಸು ಎಂದು ನಾನೇ ಫೋನಿನಲ್ಲಿ ಹೇಳಿದ್ದೆನಲ್ಲ, ಅದಕ್ಕೇ. ಇಷ್ಟು ಹಾಕಿದರೆ ಗಂಟು ಪೂರ್ತಿ ಹೋಗುತ್ತದೆ, ಪ್ರತಿಕಾಯದ ಕಾಲು ಸ್ವಲ್ಪ ಸವೆದೀತು, ಅಷ್ಟೇ ಎಂದುಕೊಂಡಿದ್ದೆ. ಮೂವತ್ತೊಂದು ವರ್ಷದ ಅನುಭವ ಎಂಬ ಕೊಬ್ಬು.

ಎಲ್ಲಾ ಆಸ್ಪತ್ರೆಗಳಿಗೂ ಮಧ್ಯಾಹ್ನವೇ ಫೋನು ಹೋಗಿದೆ, ಉಳಿದ ಬಾಟಲಿಗಳು ವಾಪಸು ಬರುತ್ತವೆ. ನೀನು ಇದನ್ನು ಓದುವ ಹೊತ್ತಿಗೆ ಸಿಸ್ಟರು ಆರನ್ನೂ ಎತ್ತಿಟ್ಟಿರುತ್ತಾರೆ. ಆದರೂ ಬುಧವಾರ ನಿನ್ನ ಕಣ್ಣಿಂದ ನಂಬರು ನೋಡು. ನನ್ನ ಗೇಟ್ ಪಾಸು ತೆಗೆದುಕೊಂಡರು. ಚಿಕ್ಕ ಕೆಮಿಸ್ಟಿನ ಮೇಲೆ ಕ್ರಮವಿಲ್ಲ ಎಂದು ದೊಡ್ಡ ಮೇಡಂ ಬರೆದುಕೊಟ್ಟರು.

ಇನ್ನು, ಯಾಕೆ ಮುಚ್ಚಿಟ್ಟೆ ಎನ್ನುವುದು. ನಾನು ಬೇಕೆಂದೇ ಹಾಕಿದೆ ಎಂದು ತಿಳಿದ ಕೂಡಲೇ ನಿನಗೆ ಆ ದಿನದ ಆಸ್ಪತ್ರೆಯ ವರಾಂಡ ನೆನಪಾಗುತ್ತದೆ. ನಲವತ್ತೇಳಕ್ಕಿಂತ ಹಿಂದಿನ ಸರದಿ. ಗುಬ್ಬಿ ಒಳಗೆ ನಡುಗುತ್ತಿದ್ದಳು, ನೀನು ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು, ‘ಅಮ್ಮಾ, ಇದು ನಿನ್ನ ಕೈಲಿ ತಯಾರಾಗೋದಲ್ವಾ, ನಡುಕ ಬರದ ಹಾಗೆ ಏನಾದ್ರೂ ಮಾಡೋಕಾಗಲ್ವಾ?’ ಎಂದು ಕೇಳಿದ್ದೆ. ನೀನು ಮರೆತಿರಬಹುದು. ಈಗ ಓದಿ ನೆನಪಾಗಿ, ನಾನೇ ಕೇಳಿದೆ, ನನ್ನಿಂದಲೇ ಆಯಿತು ಎಂದು ಮತ್ತೆ ಶುರು ಮಾಡುತ್ತೀಯ. ನಿನ್ನನ್ನು ಹೆತ್ತವಳಿಗೆ ನೀನು ಗೊತ್ತಿಲ್ಲವೇ. ಅದಕ್ಕೇ ಮರೆವಿನ ಮೇಲೆ ಹಾಕಿ ಮುಗಿಸಿಬಿಡೋಣ ಎಂದಿದ್ದೆ.

ಹೀಗೆ ಮಾಡಲು ಯಾರಾದರೂ ಹೇಳಿದ್ದರೇ ಎಂದು ಹೇಳಿಕೆಯ ಕಾಗದದಲ್ಲಿ ಒಂದು ಪ್ರಶ್ನೆ ಇತ್ತು. ಯಾರೂ ಇಲ್ಲ ಎಂದು ಬರೆದು ಸಹಿ ಮಾಡಿದ್ದೇನೆ. ನಿನ್ನನ್ನು ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳು. ನಿನಗೆ ನೀನೂ ಹಾಗೇ ಹೇಳಿಕೋ. ಕೇಳಿದವಳು ತಾಯಿ, ಯಾವ ತಾಯಿಯಾದರೂ ಕೇಳುತ್ತಾಳೆ. ಅಳತೆ ಗೊತ್ತಿದ್ದವಳು ನಾನು.